ಅಮ್ಮನ ಕೆನ್ನೆಯ ಮೇಲೆ ಫಿಕ್ ನಿಯಮ

ಮೆಟೀರಿಯಲ್ ಸೈನ್ಸ್ ಓದಿದವರಿಗೆಲ್ಲ ಕಾರ್ಬುರೈಸಿಂಗ್ ನೆನಪಿರುತ್ತದೆ. ಬಿಸಿ ಕುಲುಮೆಯಲ್ಲಿ ಗೇರಿನ ಹಲ್ಲಿನ ಮೇಲ್ಮೈಯೊಳಕ್ಕೆ ಇಂಗಾಲ ನುಗ್ಗಿಸಿ ಗಟ್ಟಿ ಮಾಡುವುದು, ಎಷ್ಟು ಹೊತ್ತಿಗೆ ಎಷ್ಟು ಆಳ ಹೋಗುತ್ತದೆ ಅಂತ ಫಿಕ್ ನಿಯಮದಿಂದ ಲೆಕ್ಕ ಹಾಕುವುದು, ಪರೀಕ್ಷೆ ಮುಗಿದ ಮಾರನೇ ದಿನ ಮರೆಯುವುದು. ಅದೇ ನಿಯಮ ಚರ್ಮಕ್ಕೂ ಸಲ್ಲುತ್ತದೆ. ಕೆನ್ನೆಗೆ ಹಚ್ಚಿದ ಕ್ರೀಮಿನಲ್ಲಿರುವ ವಸ್ತು ಒಳಗೆ ಹೋಗುತ್ತದೋ ಇಲ್ಲವೋ, ಹೋದರೆ ಎಷ್ಟು ಅನ್ನುವುದೂ ಒಂದು ಡಿಫ್ಯೂಷನ್ ಲೆಕ್ಕವೇ.

ಈ ಲೆಕ್ಕ ಈಗ ಯಾಕೆ ಬೇಕು ಅಂದರೆ, ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಮುಖಕ್ಕೆ ಎಸ್ಟ್ರೋಜನ್ ಕ್ರೀಮು ಅನ್ನುವ ಮಾತು ಅಮೆರಿಕದ ಕಡೆಯಿಂದ ರೀಲ್ಸ್ ಮೂಲಕ ನಮ್ಮ ಫೋನಿಗೂ ಬಂದು ಕೂತಿದೆ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಪಶ್ಚಿಮ ದೇಶಗಳಲ್ಲಿ ಅದು 51ರ ಆಸುಪಾಸು. ನಮ್ಮ ನಿಮ್ಮ ವಯಸ್ಸು 20 ಅಂತಿಟ್ಟುಕೊಂಡರೆ, ನಮ್ಮ ಕ್ಲಾಸಿನ ಅರ್ಧ ಜನರ ಅಮ್ಮಂದಿರು ಈಗ ಇದೇ ಹಾದಿಯಲ್ಲಿದ್ದಾರೆ ಅಥವಾ ಅದರ ಹೊಸ್ತಿಲಲ್ಲಿದ್ದಾರೆ. ಇಂಟರ್ನ್‌ಶಿಪ್ಪಿನ ಮೊದಲ ಸ್ಟೈಪೆಂಡ್ ಬಂದ ಕೂಡಲೇ ಅಮ್ಮನಿಗೆ ಏನಾದರೂ ಆರ್ಡರ್ ಮಾಡೋಣ ಅನ್ನುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ನಾನು ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿ ಕಡೆಯವನು. ನಮ್ಮ ಕಡೆ ಅಮ್ಮಂದಿರ ಚರ್ಮಕ್ಕೂ ರೀಲ್ಸಿನ ಚರ್ಮಕ್ಕೂ ಇರುವ ವ್ಯತ್ಯಾಸವೇ ಈ ಪಾಠದ ಮುಖ್ಯ ವಿಷಯ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಳಗೆ ಆಗುವುದೇನು ನೋಡೋಣ. ಮುಟ್ಟು ನಿಂತು ಪೂರ್ತಿ 12 ತಿಂಗಳು ಕಳೆದರೆ ಅದನ್ನು ಋತುಬಂಧ ಅನ್ನುತ್ತಾರೆ. ಅಂಡಾಶಯ ಎಸ್ಟ್ರಾಡಿಯೋಲ್ ತಯಾರಿಸುವುದನ್ನು ಹೆಚ್ಚುಕಮ್ಮಿ ನಿಲ್ಲಿಸುತ್ತದೆ. ಈ ಹಾರ್ಮೋನಿನ ಸಂದೇಶ ಹಿಡಿಯುವ ಗ್ರಾಹಕಗಳು ಗರ್ಭಕೋಶ, ಸ್ತನಗಳಲ್ಲಿ ಮಾತ್ರ ಇಲ್ಲ, ಮೂಳೆಯಲ್ಲಿವೆ, ರಕ್ತನಾಳದಲ್ಲಿವೆ, ಚರ್ಮದಲ್ಲೂ ಇವೆ. ಆಲ್ಫಾ, ಬೀಟಾ ಅಂತ ಎರಡು ಬಗೆ. ಬೀಟಾ ಪತ್ತೆಯಾದದ್ದು 1996ರಲ್ಲಷ್ಟೇ. ಚರ್ಮದ ಒಳಪದರದಲ್ಲಿ ಫೈಬ್ರೋಬ್ಲಾಸ್ಟ್ ಅನ್ನುವ ಕೋಶಗಳಿವೆ, ಕೊಲಾಜನ್ ನೇಯುವ ಮಗ್ಗಗಳು ಅನ್ನಿ. ಎಸ್ಟ್ರಾಡಿಯೋಲ್ ಬಂದರೆ ಮಗ್ಗ ಓಡುತ್ತದೆ, ನಿಂತರೆ ನಿಧಾನವಾಗುತ್ತದೆ. ನೀರು ಹಿಡಿದಿಡುವ ಹಯಲುರಾನಿಕ್ ಆಮ್ಲವೂ ಕಡಿಮೆಯಾಗುತ್ತದೆ, ಜಿಡ್ಡೂ ಕಡಿಮೆಯಾಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ.

ಎಷ್ಟು ಕಡಿಮೆ? 1980ರ ದಶಕದಲ್ಲಿ ಲಂಡನ್ನಿನಲ್ಲಿ ಮಾರ್ಕ್ ಬ್ರಿಂಕಾಟ್ ಮತ್ತು ಸಂಗಡಿಗರು ಅಳೆದ ಅಂಕಿಯನ್ನೇ ಇವತ್ತಿಗೂ ಎಲ್ಲರೂ ಹೇಳುತ್ತಾರೆ. ಋತುಬಂಧದ ಮೊದಲ 5 ವರ್ಷದಲ್ಲಿ ಚರ್ಮದ ಕೊಲಾಜನ್ನಿನ ಸುಮಾರು ಶೇ 30 ಹೋಗುತ್ತದೆ, ಆಮೇಲೆ ವರ್ಷಕ್ಕೆ ಶೇ 2ರಂತೆ. ಮೊದಲು ಕಡಿದಾದ ಇಳಿಜಾರು, ಆಮೇಲೆ ನಿಧಾನದ ಇಳಿಜಾರು. ಗ್ರಾಫ್ ಎಳೆದು ನೋಡಿ, 20 ವರ್ಷಕ್ಕೆ ಅರ್ಧದ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮೂಳೆ ಸವೆದ ಹೆಂಗಸರ ಚರ್ಮವೂ ತೆಳುವಾಗಿರುತ್ತದೆ ಅನ್ನುವುದನ್ನು ಅಮೆರಿಕದ ಫುಲ್ಲರ್ ಆಲ್ಬ್ರೈಟ್ 1941ರಲ್ಲೇ ಗಮನಿಸಿದ್ದರು. ಎರಡೂ ಕೊಲಾಜನ್ ಹಂದರದ ಮೇಲೆ ನಿಂತಿರುವುದರಿಂದ ಅದು ಆಶ್ಚರ್ಯವಲ್ಲ.

ನಮ್ಮೂರಲ್ಲಿ ಇದನ್ನೆಲ್ಲ ಹೇಳುವ ರೀತಿ ಬೇರೆ. "ಹೊರಗಾಗೋದು ನಿಂತ್ಮೇಲೆ ಕೈಕಾಲೆಲ್ಲ ಕಬ್ಬಿನ ತರಗು ಆದಂಗೆ ಆಗೋಗೈತೆ ಕನಪ್ಪ, ಮೈಮೇಲೆ ಇರುವೆ ಹರದಂಗಾಯ್ತದೆ" ಅಂತ ದೊಡ್ಡಮ್ಮ ಒಮ್ಮೆ ಹೇಳಿದ್ದರು. ಇರುವೆ ಹರಿದಂತಾಗುವುದು ಅವರ ಕಲ್ಪನೆಯಲ್ಲ, ವೈದ್ಯಕೀಯದಲ್ಲಿ ಅದಕ್ಕೆ ಹೆಸರೇ ಇದೆ, ಫಾರ್ಮಿಕೇಷನ್. ಲ್ಯಾಟಿನ್ನಿನಲ್ಲಿ ಫಾರ್ಮಿಕಾ ಅಂದರೂ ಇರುವೆಯೇ!

ಒಳಗೆ ಹೋಗುತ್ತದಾ?

ಈಗ ಲೆಕ್ಕಕ್ಕೆ ಬನ್ನಿ. ಚರ್ಮದ ಗೇಟು ಅಂದರೆ ಅತಿ ಹೊರಗಿನ ಸತ್ತ ಕೋಶಗಳ ಪದರ, ಸ್ಟ್ರೇಟಮ್ ಕಾರ್ನಿಯಂ. ದಪ್ಪ 10ರಿಂದ 20 ಮೈಕ್ರೋಮೀಟರ್, ಅಂದರೆ ನೋಟ್‌ಬುಕ್ ಹಾಳೆಯ ಕಾಲು ಭಾಗವೂ ಇಲ್ಲ. ಸತ್ತ ಕೋಶಗಳು ಇಟ್ಟಿಗೆ, ನಡುವಿನ ಕೊಬ್ಬು ಗಾರೆ. ಫಿಕ್ ನಿಯಮದ ಪ್ರಕಾರ ಒಂದು ಚದರ ಸೆಂಟಿಮೀಟರ್ ದಾಟಿ ಹೋಗುವ ವಸ್ತುವಿನ ವೇಗ ಅಂದರೆ ಡಿಫ್ಯೂಷನ್ ಗುಣಾಂಕ, ಕ್ರೀಮಿನಿಂದ ಚರ್ಮದ ಕೊಬ್ಬಿಗೆ ಇಳಿಯುವ ಪಾಲಿನ ಗುಣಾಂಕ, ಸಾಂದ್ರತೆಯ ವ್ಯತ್ಯಾಸ, ಈ ಮೂರರ ಗುಣಲಬ್ಧವನ್ನು ಪದರದ ದಪ್ಪದಿಂದ ಭಾಗಿಸಿದ್ದು. ಅಣು ದೊಡ್ಡದಾದಷ್ಟೂ ಮೊದಲನೆಯದು ಕುಸಿಯುತ್ತದೆ. 500 ಡಾಲ್ಟನ್ ದಾಟಿದ ಅಣು ಆರೋಗ್ಯವಂತ ಚರ್ಮದೊಳಗೆ ಹೋಗುವುದು ಕಷ್ಟ ಅನ್ನುವುದು 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಮುಂದಿಟ್ಟ ಹೆಬ್ಬೆರಳಿನ ಲೆಕ್ಕ.

ಎಸ್ಟ್ರಾಡಿಯೋಲ್ 272 ಡಾಲ್ಟನ್. ಎಸ್ಟ್ರಿಯೋಲ್ 288. ಎರಡೂ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ. ಅಂದರೆ ಗೇಟು ತೆರೆದೇ ಇದೆ. ಹಾಗಂತ ಕೊಲಾಜನ್ ಕ್ರೀಮು? ಕೊಲಾಜನ್ ಅಣು ಸುಮಾರು 3 ಲಕ್ಷ ಡಾಲ್ಟನ್. ಅದನ್ನು ಮುಖಕ್ಕೆ ಹಚ್ಚಿ ಒಳಗೆ ಕೊಲಾಜನ್ ತುಂಬುತ್ತೇವೆ ಅನ್ನುವುದು ಕಬ್ಬಿನ ಲಾರಿಯನ್ನು ಬಾಗಿಲ ಕೀಲಿಕಂಡಿಯಿಂದ ಒಳಗೆ ತರುತ್ತೇವೆ ಅಂದಂತೆ. ಮೇಲೆ ಪದರವಾಗಿ ಕೂತು ತೇವ ಹಿಡಿಯುತ್ತದೆ, ಅಷ್ಟೇ. ಆ ಕೆಲಸಕ್ಕೆ ಗ್ಲಿಸರಿನ್ ಸಾಕು.

ಗೇಟು ದೇಹದ ಎಲ್ಲ ಕಡೆ ಒಂದೇ ಥರ ಇಲ್ಲ. ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲಿ ಹೈಡ್ರೋಕಾರ್ಟಿಸೋನನ್ನು ಬೇರೆ ಬೇರೆ ಜಾಗಕ್ಕೆ ಹಚ್ಚಿ ಅಳೆದರು. ಮುಂಗೈ ಒಳಭಾಗದಲ್ಲಿ ಒಳಹೋದದ್ದು 1 ಅಂತಿಟ್ಟುಕೊಂಡರೆ ಅಂಗೈಯಲ್ಲಿ ಅದಕ್ಕಿಂತ ಕಡಿಮೆ, ಹಣೆಯಲ್ಲಿ 6 ಪಟ್ಟು, ದವಡೆಯ ಮೂಲೆಯಲ್ಲಿ 13 ಪಟ್ಟು! ಮುಖಕ್ಕೆ ಹಚ್ಚುವುದು ಕೈಗೆ ಹಚ್ಚಿದಷ್ಟು ಸಲೀಸಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ಪ್ರಮಾಣ ನೋಡೋಣ. ಶೇ 0.01 ಎಸ್ಟ್ರಾಡಿಯೋಲ್ ಇರುವ ಕ್ರೀಮು 1 ಗ್ರಾಂ ತಗೊಂಡರೆ ಅದರಲ್ಲಿ 100 ಮೈಕ್ರೋಗ್ರಾಂ ಹಾರ್ಮೋನ್. ಅದರಲ್ಲಿ ಹತ್ತನೇ ಒಂದು ಪಾಲು ಚರ್ಮ ದಾಟಿತು ಅಂತ ಊಹಿಸಿ: 10 ಮೈಕ್ರೋಗ್ರಾಂ. ಸಣ್ಣದು ಅನ್ನಿಸುತ್ತೆ ಅಲ್ವಾ? ಆದರೆ ಮೈ ಬಿಸಿಯೇರಿ ಬೆವರುವ ತೊಂದರೆಗೆ ಕೊಡುವ ಸಾಮಾನ್ಯ ಎಸ್ಟ್ರಾಡಿಯೋಲ್ ಪಟ್ಟಿ ದಿನಕ್ಕೆ ರಕ್ತಕ್ಕೆ ಬಿಡುವುದೇ 50 ಮೈಕ್ರೋಗ್ರಾಂ. ಮೂಳೆ ಸವೆತ ತಡೆಯಲು ಬಂದ ಅತಿ ಕಡಿಮೆ ಡೋಸಿನ ಪಟ್ಟಿ 14. ಹಾಗಾಗಿ "ಇದು ಬರೀ ಮುಖದ ಕ್ರೀಮು, ಔಷಧಿ ಅಲ್ಲ" ಅನ್ನುವ ಮಾತು ಲೆಕ್ಕದಲ್ಲಿ ನಿಲ್ಲುವುದಿಲ್ಲ. ದಿನಕ್ಕೆ 2 ಗ್ರಾಂ ಬಳಿದುಕೊಂಡು, ಕತ್ತಿಗೂ ಕೈಗೂ ಹಚ್ಚಿದರೆ ಆ 14ರ ಗೆರೆಯನ್ನೇ ದಾಟಿ ಹೋಗುತ್ತೀರಿ.

ಇಲ್ಲೊಂದು ಹಳೇ ಕಥೆ ಹೇಳದೆ ಇರಲಾರೆ. 1930ರ ದಶಕದಲ್ಲಿ ಎಡ್ವರ್ಡ್ ಡಾಯ್ಸಿಯವರ ತಂಡ ಸುಮಾರು 4 ಟನ್ ಹಂದಿಯ ಅಂಡಾಶಯಗಳನ್ನು ಕರಗಿಸಿ ಸೋಸಿ ಕೊನೆಗೆ ಪಡೆದ ಶುದ್ಧ ಎಸ್ಟ್ರಾಡಿಯೋಲ್ 12 ಮಿಲಿಗ್ರಾಂ ಮಾತ್ರ. ಶೇ 0.01ರ ಲೆಕ್ಕದಲ್ಲಿ ಅದರಿಂದ ಆಗುವುದು 120 ಗ್ರಾಂ ಕ್ರೀಮು, ಅಂದರೆ ಎರಡು ಟ್ಯೂಬು. ಇವತ್ತು ಕಾರ್ಖಾನೆಯಲ್ಲಿ ಸಸ್ಯಮೂಲದ ಸ್ಟೆರಾಲ್‌ಗಳಿಂದ ತಯಾರಿಸುವ ಕಾರಣ ಅಗ್ಗ. ಅಗ್ಗ ಆದದ್ದರಿಂದಲೇ ಕ್ರೀಮಿಗೆ ಸೇರಿಸುವ ಯೋಚನೆ ಬಂದದ್ದು, ಅದೂ ಹೊಸದೇನಲ್ಲ. ಹಾರ್ಮೋನ್ ಕ್ರೀಮುಗಳು ಅಮೆರಿಕದ ಅಂಗಡಿಗಳಲ್ಲಿ ಆ ಕಾಲದಿಂದಲೇ ಇದ್ದವು.

ಹೋದರೆ ಕೆಲಸ ಮಾಡುತ್ತದಾ?

ಜಾಹೀರಾತುಗಳು ಹೆಚ್ಚಾಗಿ ತೋರಿಸುವುದು 1996ರ ವಿಯೆನ್ನಾ ಅಧ್ಯಯನವನ್ನು. 59 ಹೆಂಗಸರು, ಕೆಲವರಿಗೆ ಶೇ 0.01 ಎಸ್ಟ್ರಾಡಿಯೋಲ್, ಕೆಲವರಿಗೆ ಶೇ 0.3 ಎಸ್ಟ್ರಿಯೋಲ್, 24 ವಾರ ಮುಖಕ್ಕೆ. ಚರ್ಮ ಬಿಗಿಯಾಯಿತು, ಸುಕ್ಕಿನ ಆಳ ಕಡಿಮೆಯಾಯಿತು, ತೇವ ಹೆಚ್ಚಿತು. ಚೆನ್ನಾಗಿದೆ. ಆದರೆ ಪ್ರಯೋಗ ವಿನ್ಯಾಸ ಓದಿದ ಯಾರಾದರೂ ಕೇಳುವ ಪ್ರಶ್ನೆ: ಹಾರ್ಮೋನ್ ಇಲ್ಲದ ಬರೀ ಕ್ರೀಮು ಹಚ್ಚಿದ ಗುಂಪು ಎಲ್ಲಿ? ಇರಲಿಲ್ಲ. 24 ವಾರ ದಿನಾ ಒಳ್ಳೆಯ ತೇವಕಾರಿ ಹಚ್ಚಿದರೆ ಯಾರ ಮುಖವೂ ಸ್ವಲ್ಪ ತಿಳಿಯಾಗುತ್ತದೆ. ಕಂಟ್ರೋಲ್ ಇಲ್ಲದ ಲ್ಯಾಬ್ ರಿಪೋರ್ಟಿಗೆ ನಮ್ಮ ಮೇಡಂ ಸಹಿ ಹಾಕುವುದಿಲ್ಲ, ಮುಖದ ವಿಷಯದಲ್ಲಿ ನಾವು ಯಾಕೆ ಹಾಕಬೇಕು?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು 2008ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಚರ್ಮವಿಜ್ಞಾನಿಗಳು ಪ್ರಕಟಿಸಿದ ಕೆಲಸ. 40 ಮಂದಿ ಋತುಬಂಧ ದಾಟಿದ ಹೆಂಗಸರು, 30 ಮಂದಿ ಗಂಡಸರು. ಎಸ್ಟ್ರಾಡಿಯೋಲನ್ನು ಒಂದೇ ಜಾಗಕ್ಕಲ್ಲ, ಸೊಂಟದ ಬಳಿ, ಮುಂಗೈಗೆ, ಮುಖಕ್ಕೆ ಹಚ್ಚಿದರು. ಸೊಂಟದ ಚರ್ಮ ಬಿಸಿಲು ಕಾಣದ್ದು. ಮುಂಗೈ ಮತ್ತು ಮುಖ ಜೀವನವೆಲ್ಲ ಬಿಸಿಲು ಕಂಡದ್ದು. ಎರಡು ವಾರದ ನಂತರ ಸಣ್ಣ ಚೂರು ತೆಗೆದು ನೋಡಿದರೆ, ಸೊಂಟದಲ್ಲಿ ಕೊಲಾಜನ್ ತಯಾರಿಕೆ ಹೆಚ್ಚಿತ್ತು. ಬಿಸಿಲಿಗೆ ಹಾಳಾದ ಮುಂಗೈಯಲ್ಲಿ, ಮುಖದಲ್ಲಿ ಹೆಚ್ಚಿರಲಿಲ್ಲ.

ಇದನ್ನು ಇನ್ನೊಂದು ಸಲ ಓದಿ. ಯಾರೂ ನೋಡದ ಜಾಗದಲ್ಲಿ ಕ್ರೀಮು ಕೆಲಸ ಮಾಡಿತು, ಹಚ್ಚಬೇಕು ಅಂದುಕೊಂಡ ಜಾಗದಲ್ಲಿ ಮಾಡಲಿಲ್ಲ. ಎರಡು ವಾರ ಕಡಿಮೆ ಅವಧಿ ಅನ್ನುವ ವಾದ ಇದೆ, ಒಪ್ಪೋಣ. ಆದರೆ ಅದೇ ಎರಡು ವಾರ ಸೊಂಟಕ್ಕೆ ಸಾಕಾಗಿತ್ತಲ್ಲ.

ಈಗ ನಮ್ಮೂರಿಗೆ ಬರೋಣ. ಮಂಡ್ಯ ಜಿಲ್ಲೆಯ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ ಆಸುಪಾಸು. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ಮೂರನೇ ವಾರ ಒಮ್ಮೆ ಸೂರ್ಯ ಮಧ್ಯಾಹ್ನ ನೆತ್ತಿಯ ನೇರಕ್ಕೆ ಬಂದು ನೆರಳೇ ಇಲ್ಲದಂತೆ ಮಾಡುತ್ತಾನೆ. ಆಗಸ್ಟ್ ಅಂದರೆ ನಾಟಿ ಸಮಯ. ಗದ್ದೆಯಲ್ಲಿ ಬಗ್ಗಿ ನಿಂತವರಿಗೆ ಮೇಲಿಂದ ಬಿಸಿಲು, ಕೆಳಗಿನ ನೀರಿನಿಂದ ವಾಪಸ್ ಹೊಡೆಯುವ ಬೆಳಕು. ಕಬ್ಬಿನ ಕಳೆ, ಹಿಪ್ಪುನೇರಳೆ ಸೊಪ್ಪು, ರಾಗಿ ಕುಯ್ಲು ಎಲ್ಲದರಲ್ಲೂ ಹೆಂಗಸರ ಪಾಲೇ ಹೆಚ್ಚು. 15ನೇ ವಯಸ್ಸಿಗೆ ಹೊಲಕ್ಕಿಳಿದು 47ಕ್ಕೆ ಮುಟ್ಟು ನಿಂತ ಹೆಂಗಸಿನ ಕೆನ್ನೆ 32 ವರ್ಷದ ನೇರಳಾತೀತ ಕಿರಣ ಕುಡಿದಿರುತ್ತದೆ. ಮಿಷಿಗನ್ನಿನ ಮುಂಗೈಯೇ ಸೋತಿದ್ದರೆ, ಆತಗೂರಿನ ಮುಂಗೈ ಗೆಲ್ಲುತ್ತದೆ ಅಂತ ನಾನು ಪಣ ಕಟ್ಟುವುದಿಲ್ಲ.

ಇನ್ನೊಂದಿದೆ: ಬಂಗು. ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ಮೋಡದಂತೆ ಹರಡುವ ಕಲೆ. ಬಸುರಿಯರಿಗೆ, ಗರ್ಭನಿರೋಧಕ ಮಾತ್ರೆ ನುಂಗುವವರಿಗೆ ಬರುವುದು ನೋಡಿದ್ದೀರಿ. ಎರಡೂ ಕಡೆ ಎಸ್ಟ್ರೋಜನ್ ಹೆಚ್ಚು, ಜೊತೆಗೆ ಬಿಸಿಲು. ಬಿಳಿ ಚರ್ಮದವರಿಗೆ ಸುಕ್ಕು ಬೇಗ, ಕಂದು ಚರ್ಮದವರಿಗೆ ಸುಕ್ಕು ನಿಧಾನ, ಕಲೆ ಬೇಗ. ಸುಕ್ಕಿಗೆ ಅಂತ ಅಲ್ಲಿ ತಯಾರಾದ ಮದ್ದನ್ನು ಇಲ್ಲಿ ಬಿಸಿಲಲ್ಲಿ ದುಡಿಯುವ ಮುಖಕ್ಕೆ ಹಚ್ಚಿದರೆ ಇಲ್ಲದ ತೊಂದರೆ ತೆಗೆಯಲು ಹೋಗಿ ಇರುವ ತೊಂದರೆ ಹೆಚ್ಚಿಸಿಕೊಂಡಂತೆ ಆಗಬಹುದು.

ಅಪಾಯದ ಬಗ್ಗೆ ಚಿಕ್ಕದಾಗಿ. ಗರ್ಭಕೋಶ ಇರುವ ಹೆಂಗಸಿಗೆ ಪ್ರೊಜೆಸ್ಟರೋನ್ ಜೊತೆ ಇಲ್ಲದೆ ಬರೀ ಎಸ್ಟ್ರೋಜನ್ ಮೈಗೆಲ್ಲ ಹೋಗುವಷ್ಟು ಕೊಟ್ಟರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆ ಅನ್ನುವುದು 1975ರಿಂದ ಗೊತ್ತಿರುವ ವಿಷಯ. ಸ್ತನ ಕ್ಯಾನ್ಸರ್ ಆದವರು ವೈದ್ಯರನ್ನು ಕೇಳದೆ ಮುಟ್ಟಲೇಬಾರದು. ಮೈಗೆ ಹಚ್ಚಿದ್ದು ಮಕ್ಕಳ ಮೈಗೂ ಅಂಟುತ್ತದೆ: ಕೈಗೆ ಸಿಂಪಡಿಸುವ ಎಸ್ಟ್ರಾಡಿಯೋಲ್ ಔಷಧಿ ಬಳಸುವ ಹೆಂಗಸರ ಜೊತೆಗಿದ್ದ ಪುಟ್ಟ ಮಕ್ಕಳಲ್ಲಿ ಎದೆ ಊದಿಕೊಂಡದ್ದು ವರದಿಯಾಗಿ 2010ರಲ್ಲಿ ಅಮೆರಿಕದ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು. ಮೊಮ್ಮಗು ಅಜ್ಜಿಯ ಕೆನ್ನೆಗೆ ಕೆನ್ನೆ ಉಜ್ಜುವ ಮನೆಗಳು ನಮ್ಮವು.

ಕಾನೂನು ಕೂಡ ಇದನ್ನು ಸೌಂದರ್ಯವರ್ಧಕ ಅನ್ನುವುದಿಲ್ಲ. ನಮ್ಮ 1940ರ ಔಷಧಿ ಮತ್ತು ಸೌಂದರ್ಯವರ್ಧಕ ಕಾಯ್ದೆಯ ಪ್ರಕಾರ ದೇಹದ ರಚನೆಯನ್ನೋ ಕೆಲಸವನ್ನೋ ಬದಲಿಸಲು ಕೊಡುವ ವಸ್ತು ಔಷಧಿ. ಎಸ್ಟ್ರಾಡಿಯೋಲ್, ಎಸ್ಟ್ರಿಯೋಲ್ ಎರಡಕ್ಕೂ ವೈದ್ಯರ ಚೀಟಿ ಬೇಕು. ಚೀಟಿ ಕೇಳದೆ ಮನೆಗೆ ಬರುವ, ಮೇಲೆ ಏನಿದೆ ಅಂತ ಬರೆಯದ ಡಬ್ಬಿಯಲ್ಲಿ ಬೇರೇನೋ ಇರುವ ಸಾಧ್ಯತೆಯೂ ಇದೆ. ಅನುಭವ ಇದೆಯಲ್ಲ ನಮಗೆ. ಬಿಳಿ ಆಗಲಿ ಅಂತ ಮೆಡಿಕಲ್ ಸ್ಟೋರಿನಿಂದ ತಂದು ಹಚ್ಚಿದ ಸ್ಟೆರಾಯ್ಡ್ ಕ್ರೀಮುಗಳು ಎಷ್ಟು ಜನರ ಮುಖ ತೆಳುವಾಗಿಸಿ ಕೆಂಪಾಗಿಸಿವೆ ಅಂದರೆ, ಚರ್ಮವೈದ್ಯರು ಅದಕ್ಕೊಂದು ಪ್ರತ್ಯೇಕ ರೋಗದ ಹೆಸರನ್ನೇ ಕೊಟ್ಟರು, 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರದಂತೆ ನಿಯಮ ಬಿಗಿ ಮಾಡಿತು. ರಸಾಯನಶಾಸ್ತ್ರದ ಪ್ರಕಾರ ಎಸ್ಟ್ರಾಡಿಯೋಲೂ ಸ್ಟೆರಾಯ್ಡೇ, ಅದೇ ನಾಲ್ಕು ಉಂಗುರದ ಹಂದರ. ಆದರೆ ಆ ಕ್ರೀಮುಗಳಲ್ಲಿರುವುದು ಕಾರ್ಟಿಸೋನ್ ಬಳಗದ ಸ್ಟೆರಾಯ್ಡ್, ಅದು ಕೊಲಾಜನ್ ಮಗ್ಗ ನಿಲ್ಲಿಸುವುದು. ಹೆಸರು ಒಂದೇ, ಕೆಲಸ ಉಲ್ಟಾ.

ಹಾಗಾದರೆ ಸ್ಟೈಪೆಂಡಿನಲ್ಲಿ ಏನು ತರೋದು? ಆಸ್ಟ್ರೇಲಿಯಾದ ನಂಬೂರ್ ಪಟ್ಟಣದಲ್ಲಿ 55 ವರ್ಷದೊಳಗಿನ 903 ಜನರ ಮೇಲೆ ನಾಲ್ಕೂವರೆ ವರ್ಷ ನಡೆದ ಪ್ರಯೋಗದಲ್ಲಿ, ದಿನಾ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ 24ರಷ್ಟು ಕಡಿಮೆ ಮುಪ್ಪಾಗಿತ್ತು. ಅಲ್ಲಿ ಕಂಟ್ರೋಲ್ ಗುಂಪು ಇತ್ತು. ಬೆವರಿ ಮುಖ ಒರೆಸಿಕೊಳ್ಳುತ್ತಾ ದುಡಿಯುವವರಿಗೆ ಸನ್‌ಸ್ಕ್ರೀನ್ ನಿಲ್ಲುವುದಿಲ್ಲ ಅನ್ನುವವರಿಗೆ ಉದ್ದ ತೋಳಿನ ಹಳೇ ಶರ್ಟು, ಅಗಲ ಅಂಚಿನ ಟೋಪಿ, ಅದರ ಮೇಲೆ ಸೆರಗು. ನಮ್ಮ ಅಜ್ಜಿಯರು ಗಂಡಸರ ಶರ್ಟು ತೊಟ್ಟು ನಾಟಿಗೆ ಹೋಗುತ್ತಿದ್ದದ್ದು ಕೆಸರಿಗೆ ಮಾತ್ರ ಅಂತ ನಾನು ಅಂದುಕೊಂಡಿಲ್ಲ. ಒಣಗಿದ ಚರ್ಮಕ್ಕೆ ಪೆಟ್ರೋಲಿಯಂ ಜೆಲ್ಲಿ: ಚರ್ಮದಿಂದ ಆವಿಯಾಗುವ ನೀರನ್ನು ತಡೆಯುವುದರಲ್ಲಿ ಅದನ್ನು ಮೀರಿಸುವ ದುಬಾರಿ ಡಬ್ಬಿ ಇಲ್ಲ. ಸ್ನಾನ ಮಾಡಿ ಮೈ ಪೂರ್ತಿ ಒಣಗುವ ಮುಂಚೆ ಹಚ್ಚಬೇಕು. ಚರ್ಮದ ಪಿಎಚ್ 5ರ ಹತ್ತಿರ, ಬಾರ್ ಸೋಪಿನದು 9–10, ಆದ್ದರಿಂದ ಇಡೀ ಮೈಗೆ ದಿನಕ್ಕೆರಡು ಸಲ ಸೋಪು ಉಜ್ಜುವುದು ಬಿಡಿಸಿ. ಇವೆಲ್ಲ ಸೇರಿಸಿದರೂ ಒಂದು ಮಸಾಲೆ ದೋಸೆ ಪಾರ್ಟಿಯ ಖರ್ಚಾಗದು.

ಕೆಲವರಿಗೆ ಇಳಿಜಾರು ಇಲ್ಲ, ನೇರ ಪ್ರಪಾತ. ಅಂಡಾಶಯಗಳನ್ನೂ ಸೇರಿಸಿ ಗರ್ಭಕೋಶ ತೆಗೆಸಿದ ಹೆಂಗಸಿಗೆ 35ಕ್ಕೇ ರಾತ್ರೋರಾತ್ರಿ ಋತುಬಂಧ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಎಷ್ಟೋ ಜನ ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಂಡದ್ದು 2019ರಲ್ಲಿ ದೊಡ್ಡ ಸುದ್ದಿಯಾಯಿತು. ನಮ್ಮ ಕಲಬುರಗಿಯ ತಾಂಡಾಗಳಿಂದಲೂ ಅಂಥದೇ ದೂರು ಬಂದಿತ್ತು. ಇಂಥವರಿಗೆ ಬೇಕಾದದ್ದು ಮುಖದ ಕ್ರೀಮಲ್ಲ, ಮೂಳೆ ಮತ್ತು ಹೃದಯ ನೋಡಿ ಹಾರ್ಮೋನ್ ಚಿಕಿತ್ಸೆ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವ ಸ್ತ್ರೀರೋಗ ತಜ್ಞರು. ಮನೆಯಲ್ಲಿ ಅಂಥವರಿದ್ದರೆ ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಹುಡುಕಿ, ಅಂಡಾಶಯ ಉಳಿಸಿದ್ದಾರಾ ಅನ್ನುವುದನ್ನು ಓದಿ ಹೇಳಿ. ಇಂಗ್ಲಿಷಿನಲ್ಲಿರುವ ಆ ಒಂದು ಸಾಲು ಅವರಿಗೇ ಗೊತ್ತಿರುವುದಿಲ್ಲ.

ಎಸ್ಟ್ರೋಜನ್ ಕ್ರೀಮು ನಿಜವಾಗಿ ಕೆಲಸ ಮಾಡುವ ಜಾಗ

ಇದನ್ನು ಬಿಟ್ಟರೆ ಪಾಠ ಅರ್ಧವೇ. ಹುಡುಗರೂ ಓದಬೇಕಾದ ಭಾಗ, ಮುಜುಗರ ಪಕ್ಕಕ್ಕಿಡಿ. ಯೋನಿಯ ಮತ್ತು ಮೂತ್ರನಾಳದ ಬಾಯಿಯ ಒಳಪದರವೂ ಎಸ್ಟ್ರೋಜನ್ ನಂಬಿಕೊಂಡಿದೆ. ಅಲ್ಲಿ ಮುಖದ ಹಾಗೆ ಗಟ್ಟಿ ಸತ್ತ ಪದರ ಇಲ್ಲ, ಬಿಸಿಲಂತೂ ಬಿದ್ದೇ ಇಲ್ಲ. ಮಿಷಿಗನ್ನಿನ ಸೊಂಟ ನೆನಪಿಸಿಕೊಳ್ಳಿ. ಮುಟ್ಟು ನಿಂತ ಮೇಲೆ ಆ ಪದರ ತೆಳುವಾಗಿ ಒಣಗುತ್ತದೆ, ಕಾವಲಿದ್ದ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಕಡಿಮೆಯಾಗಿ ಆಮ್ಲೀಯತೆ ಹೋಗುತ್ತದೆ, ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತದೆ. ಹೊಲದಲ್ಲಿ ಶೌಚಾಲಯವಿಲ್ಲದೆ ಬೆಳಗಿನಿಂದ ಸಂಜೆವರೆಗೆ ಕಟ್ಟಿಕೊಂಡು, ಅದಕ್ಕಾಗಿ ನೀರೂ ಕುಡಿಯದೆ ದುಡಿಯುವವರಿಗೆ ಇದು ಇನ್ನೂ ಹೆಚ್ಚು. "ಉಷ್ಣ ಆಗೈತೆ" ಅಂತ ಎಳನೀರು ಕುಡಿದು ಸುಮ್ಮನಾಗುತ್ತಾರೆ. ಮದ್ದೂರಿನಲ್ಲಿ ಎಳನೀರಿಗೇನು ಬರ ಇಲ್ಲ, ಆದರೆ ಎಳನೀರು ಆ ಪದರವನ್ನು ಮತ್ತೆ ಬೆಳೆಸುವುದಿಲ್ಲ.

1993ರಲ್ಲಿ ರಾಜ್ ಮತ್ತು ಸ್ಟಾಮ್ ಪ್ರಕಟಿಸಿದ ಪ್ರಯೋಗದಲ್ಲಿ, ಪದೇ ಪದೇ ಮೂತ್ರದ ಸೋಂಕು ಬರುತ್ತಿದ್ದ ಋತುಬಂಧ ದಾಟಿದ 93 ಹೆಂಗಸರಿದ್ದರು. ಒಂದು ಗುಂಪಿಗೆ ಯೋನಿಯಲ್ಲಿ ಹಚ್ಚುವ ಎಸ್ಟ್ರಿಯೋಲ್ ಕ್ರೀಮು: ಮೊದಲ ಎರಡು ವಾರ ರಾತ್ರಿ ಹೊತ್ತು ಅರ್ಧ ಮಿಲಿಗ್ರಾಂ, ಆಮೇಲೆ ವಾರಕ್ಕೆ ಎರಡೇ ಸಲ, ಎಂಟು ತಿಂಗಳು. ಇನ್ನೊಂದು ಗುಂಪಿಗೆ ಹಾರ್ಮೋನ್ ಇಲ್ಲದ ಕ್ರೀಮು. ಬರೀ ಕ್ರೀಮಿನ ಗುಂಪಿನಲ್ಲಿ ಒಬ್ಬರಿಗೆ ವರ್ಷಕ್ಕೆ 5.9 ಸಲ ಸೋಂಕು, ಎಸ್ಟ್ರಿಯೋಲ್ ಗುಂಪಿನಲ್ಲಿ 0.5. ಹನ್ನೆರಡು ಪಟ್ಟು ವ್ಯತ್ಯಾಸ. ಪ್ರತಿ ಸಲ ಆ್ಯಂಟಿಬಯಾಟಿಕ್ ನುಂಗುವುದು ಎಷ್ಟು ತಪ್ಪಿತು ಅಂತ ಲೆಕ್ಕ ಹಾಕಿ.

ಈ ಕ್ರೀಮು ಇಲ್ಲೂ ಸಿಗುತ್ತದೆ, ಚೀಟಿ ಮೇಲೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಮಂಡ್ಯದ ಮಿಮ್ಸ್‌ನಲ್ಲಿ ಸ್ತ್ರೀರೋಗ ವಿಭಾಗ ಇದೆ. ವೈದ್ಯರಿಗೆ ಹೇಳಬೇಕಾದ್ದು ನಾಲ್ಕು ಮಾತು: ಮುಟ್ಟು ನಿಂತು ಎಷ್ಟು ದಿನ ಆಯ್ತು, ವರ್ಷದಲ್ಲಿ ಎಷ್ಟು ಸಲ ಉರಿಮೂತ್ರಕ್ಕೆ ಮಾತ್ರೆ ತಗೊಂಡ್ರು, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಇತ್ತಾ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡಿದೆಯಾ. ಕೊನೆಯದಕ್ಕೆ ಹೌದು ಅಂದರೆ ಕ್ರೀಮಿನ ಮಾತು ಆಮೇಲೆ, ಅದೇ ವಾರ ತೋರಿಸಬೇಕು. ನೀವೇ ಕೇಳಲು ಬಾಯಿ ಬರದಿದ್ದರೆ ಅಕ್ಕನಿಗೋ ಅತ್ತಿಗೆಗೋ ಹೇಳಿ, ಇಲ್ಲವೇ ಊರಿನ ಆಶಾ ಕಾರ್ಯಕರ್ತೆಗೆ. "ಉರಿ ಐತಾ ಅವ್ವ?" ಅಂತ ಅವರು ಕೇಳಿದರೆ ಉತ್ತರ ಬರುತ್ತದೆ.